ಹೆಸರು ಬೀಳುವ ಹೊತ್ತು

ಸುಂಟಿಕೊಪ್ಪದ ಟಾಕೀಸಿನಲ್ಲಿ ನಾನು
ರೀಲು ಸುತ್ತುವ ಹುಡುಗ. ಆಪರೇಟರ್ ಪೋಕರಾಕ.
ಮಡಿಕೇರಿ ಬಸ್ಸಿನ ಟಾಪಿನಿಂದ ಡಬ್ಬ ಇಳಿಸಿ
ತಲೆಯ ಮೇಲೆ ಹೊತ್ತು ತರುವಾಗಲೇ ಕೇಳುತ್ತಿದ್ದರು:
ದೆವ್ವದ್ದಾ?
ದೆವ್ವದ್ದಾದರೆ ಒಂದು ವಾರ ಹೆಚ್ಚು ಓಟ.
ಕಡಲೆಕಾಯಿ ಮಾರುವ ಕುಂಞಮ್ಮನಿಗೆ ಮಾತ್ರ ನಷ್ಟ.
ಹೆದರಿದವರು ಸಿಪ್ಪೆ ಸುಲಿಯುವುದಿಲ್ಲ.

ಕಾರ್ಬನ್ ಕಡ್ಡಿಗಳನ್ನು ಹತ್ತಿರ ತರುತ್ತಾ
ಪೋಕರಾಕ ಹೇಳುತ್ತಿದ್ದ:
ದೆವ್ವ ಇರುವುದು ಮೂರನೇ ರೀಲಿನಲ್ಲಿ.
ಹೆದರಿಕೆ ಮೊದಲ ಇನ್ನೂರು ಅಡಿಯಲ್ಲಿ.
ಹೆಸರು ಬೀಳುವಾಗ ನೋಡು, ಮೋನೇ.

ಕಿಂಡಿಗೆ ಕಣ್ಣಿಟ್ಟೆ.
ಪರದೆ ಕಪ್ಪು. ಖಾಲಿ ಕಪ್ಪಲ್ಲ,
ಒಳಗೆ ಯಾರೋ ಉಸಿರು ಹಿಡಿದು ಕೂತ ಕೋಣೆಯದು.
ಮೊದಲು ಬಂದದ್ದು ತಲೆಕಟ್ಟು,
ಅಕ್ಷರವಿಲ್ಲದ ಬರೀ ತಲೆಕಟ್ಟು,
ಮುಖವಿಲ್ಲದೆ ಎದ್ದ ಹುಬ್ಬಿನ ಹಾಗೆ.
ಆಮೇಲೆ ನಿಧಾನ ಅದರಡಿ ಮೈ ತುಂಬಿತು.
ಛಾಯಾಗ್ರಹಣದ ಒತ್ತು
ಎಲ್ಲಕ್ಕಿಂತ ಕೊನೆಗೆ ಇಳಿದು, ಜೋತುಬಿದ್ದು,
ಚೂರೇ ಚೂರು ತೂಗಿತು.
ಸಂಗೀತ ಎಂದರೆ ನಲ್ಲಿಯ ಹನಿ, ಅಷ್ಟೇ.
ಒಂದು ಹನಿಗೂ ಇನ್ನೊಂದಕ್ಕೂ ನಡುವೆ
ಹಾಲ್‌ಗೆ ಹಾಲೇ ಎಣಿಸುತ್ತಿತ್ತು.
ನಾಲ್ಕನೆಯದು ಬೀಳಲೇ ಇಲ್ಲ.
ಆಗ ಬಂತು: ಸಂಕಲನ.
ಆ ಸೊನ್ನೆ ಮಾತ್ರ ಉಳಿದು ಮಿಕ್ಕದ್ದೆಲ್ಲ ಮಾಸಿತು.
ಸಂಕಲನ ಎಂಬ ಒಂದು ಪದಕ್ಕೆ
ಗಾಂಧಿ ಕ್ಲಾಸಿನಲ್ಲಿ ಮೀಸೆ ಬಿಟ್ಟ ಗಂಡಸೊಬ್ಬ
ಕಾಲುಗಳನ್ನು ಬೆಂಚಿನ ಮೇಲೆ ಎತ್ತಿಕೊಂಡ.

ಸಂತೆಯ ದಿನ ಫಿಲ್ಮು ಗೇಟಿನಲ್ಲಿ ಸಿಕ್ಕಿ ಸುಟ್ಟಿತು.
ಪರದೆ ತುಂಬ ಕಂದು ಗುಳ್ಳೆ, ಶಿಳ್ಳೆ, ಬೈಗುಳ.
ಪೋಕರಾಕ ಹೆಸರುಗಳನ್ನೆಲ್ಲ ಕತ್ತರಿಸಿ ಎಸೆದು
ಉಳಿದದ್ದನ್ನು ಅಂಟಿಸಿ ಓಡಿಸಿದ.
ದೀಪ ಆರಿದ್ದೇ ತಡ, ಸೀದಾ ಮನೆ,
ಸೀದಾ ಮೆಟ್ಟಿಲು, ಕೂದಲು ಬಿಟ್ಟ ಹೆಂಗಸು.
ಜನ ನಕ್ಕರು!
ಕಿತ್ತಳೆ ಸಿಪ್ಪೆ ಹಾರಿತು. ಕುಂಞಮ್ಮನ ಬುಟ್ಟಿ
ಮಧ್ಯಂತರಕ್ಕೆ ಮೊದಲೇ ಖಾಲಿ.
ತೋಟದ ರೈಟರ್ ಮಂದಪ್ಪ ಹೊರಬಂದು ಹೇಳಿದರು:
ದೆವ್ವವೇನೋ ಬಂದಿದೆ ಕಣಯ್ಯ,
ನಾವೇ ಇನ್ನೂ ಬಂದಿರಲಿಲ್ಲ.

ಆ ಮಾತು ಪೋಕರಾಕನಿಗೆ ನಾಟಿತು.
ರಾತ್ರಿ ಕಪ್ಪು ಫಿಲ್ಮಿನ ತುಂಡು ಮೇಜಿಗೆ ಹಾಸಿ,
ಗೋಣಿ ಹೊಲಿಯುವ ಸೂಜಿ ಹಿಡಿದು ಕೂತ.
ದೀಪ ಹಿಡಿದವನು ನಾನು.
ಕನ್ನಡ ಬರೆಯಲು ಬಾರದು ಅವನಿಗೆ,
ನನಗೆ ಮಲಯಾಳ ಬಾರದು.
ಇಬ್ಬರ ಲಿಪಿಗೂ ಒಂದೇ ಆದದ್ದನ್ನು ಗೀರಿದ:
ಸೊನ್ನೆ.
ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಸೊನ್ನೆ,
ಒಂದರ ಹಾಗೆ ಇನ್ನೊಂದಿಲ್ಲ.
ಅಂಚಿನ ಶಬ್ದದ ಪಟ್ಟಿಯ ಮೇಲೆ
ಅಲ್ಲೊಂದು ಇಲ್ಲೊಂದು ಗೀಟು.
ಮೂರು ರಾತ್ರಿ. ಬೆರಳಿಗೆಲ್ಲ ಕಪ್ಪು ಪುಡಿ.

ನಾಲ್ಕನೇ ದಿನ ಎರಡನೇ ಆಟ.
ಟಿಕೇಟು ಹರಿಯುವ ಬೆಳ್ಯಪ್ಪನಿಗೆ ಕಟ್ಟಪ್ಪಣೆ:
ಈಗ ಯಾರೇ ಬಂದರೂ ಬಾಗಿಲು ತೆಗೆಯಬೇಡ.
ಕಪ್ಪಿನಲ್ಲಿ ಸಾಸಿವೆಯಷ್ಟು ಬಿಳುಪು.
ಟಕ್.
ಅದು ನಡುಗುತ್ತಿತ್ತು; ಕೈ ನಡುಗಿದ್ದು ಪೋಕರಾಕನದು,
ಉಸಿರಾಡಿದ್ದು ಸೊನ್ನೆ.
ದೊಡ್ಡದಾಯಿತು. ಬಾವಿಯ ಬಾಯಿಯಷ್ಟಾಯಿತು.
ಟಕ್.
ಒಂದೂ ಹೆಸರಿಲ್ಲ. ನಾನು ಕಿಂಡಿ ಬಿಟ್ಟು
ಪೋಕರಾಕನ ಲುಂಗಿಯ ಅಂಚು ಹಿಡಿದುಕೊಂಡೆ,
ಸೂಜಿ ಚುಚ್ಚಿದ್ದು ಕಣ್ಣಾರೆ ಕಂಡವನು, ನಾನೇ!
ತಡವಾಗಿ ಬಂದವರಾರೋ ಹೊರಗಿನಿಂದ
ಬಾಗಿಲು ತಟ್ಟಿದರು.
ಆ ಕಿರುಚಾಟ ಬಸ್‌ಸ್ಟ್ಯಾಂಡಿಗೆ ಕೇಳಿತಂತೆ.

ಆಟ ಬಿಟ್ಟ ಮೇಲೆ
ತೋಟದ ದಾರಿಯಲ್ಲಿ ಹದಿನೇಳು ಜನ, ಒಂದು ಟಾರ್ಚು.
ಆನೆ ಎದುರಿಗೆ ಬಂದರೆ ಸರಿ, ಓಡಬಹುದು,
ಕೂಗಬಹುದು, ಕಾಲಿಗೂ ಬಾಯಿಗೂ ಕೆಲಸವಿದೆ.
ಬರಲಿಲ್ಲ.
ಜೀರುಂಡೆಗಳು ಒಟ್ಟಿಗೇ ನಿಂತವು.
ಹಲಸಿನ ಹಣ್ಣು ಸೀಳಿದ ವಾಸನೆ.
ಎಲ್ಲೋ ಒಂದು ಕೊಂಬೆ, ಟಕ್.
ಮುಂದೆ ಮಂದಪ್ಪನವರ ಬೀಡಿಯ ತುದಿ,
ಕೆಂಪು ಸೊನ್ನೆ,
ಗಾಳಿಯಲ್ಲಿ ಹಾಗೇ ನಿಂತಿತು.
ಟಾರ್ಚು ಆರಿಸಿದರು.
ಯಾರ ಹೆಸರು ಬೀಳುತ್ತದೋ ಎಂದು
ಸಾಲಾಗಿ ನಿಂತಿದ್ದೆವು.